ಪ್ಲಗ್ ಕಿತ್ತು ನೋಡಿ: ಕರಾವಳಿಯಲ್ಲಿ ತುರ್ತು ವೈದ್ಯಕೀಯ ಉಪಕರಣಗಳ ದೋಷ ಪತ್ತೆ

ಆಟಿ (ತುಳುನಾಡಿನ ಜೋರು ಮಳೆಯ) ತಿಂಗಳ ಒಂದು ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ಉಡುಪಿ ಜಿಲ್ಲೆಯ ಒಂದು ಸಣ್ಣ ನರ್ಸಿಂಗ್ ಹೋಂ. "ಸಕ್ಷನ್ ಎಳೆಯುವುದಿಲ್ಲ ಮಾರಾಯರೆ, ಮೋಟಾರ್ ಸತ್ತಿದೆ" ಎಂದರು ರಾತ್ರಿ ಪಾಳಿಯ ಸಿಸ್ಟರ್. ಸಕ್ಷನ್ ಎಂದರೆ ರೋಗಿಯ ಗಂಟಲಿನ ಕಫ, ದ್ರವ ಎಳೆದು ತೆಗೆಯುವ ಯಂತ್ರ. "ಶಬ್ದ ಉಂಟೇ?" ಎಂದು ಕೇಳಿದೆ. "ಶಬ್ದ ಬೇಕಾದಷ್ಟು ಉಂಟು." ಶಬ್ದ ಮಾಡುವ ಮೋಟಾರ್ ಸತ್ತಿರುವುದಿಲ್ಲ. ಕಾಲಿನಿಂದ ತುಳಿಯುವ ಹಳೆಯ ಸಕ್ಷನ್ ಒಂದು ಮೂಲೆಯಲ್ಲಿ ಇದ್ದುದರಿಂದ ಆ ರಾತ್ರಿ ಕೆಲಸ ಸಾಗಿತು. ಬೆಳಿಗ್ಗೆ ಹೋಗಿ ನೋಡಿದರೆ ಬಾಟಲಿಯ ಮುಚ್ಚಳದೊಳಗಿನ ರಬ್ಬರ್ ರಿಂಗ್ ಒಣಗಿ ಬಿರುಕು ಬಿಟ್ಟಿತ್ತು. ಅದರ ಬೆಲೆ ಎರಡು ಲೋಟ ಚಹಾದಷ್ಟೂ ಇಲ್ಲ. ಯಂತ್ರ ಮಾತ್ರ ರೆಕ್ಸಿನ್ ಹೊದಿಕೆಯೊಳಗೆ ಹೊಸ ಮದುಮಗಳ ಹಾಗೆ ಕುಳಿತಿತ್ತು. ನಾಲ್ಕು ತಿಂಗಳಿಂದ ಅದನ್ನು ಯಾರೂ ಚಾಲೂ ಮಾಡಿರಲಿಲ್ಲ.

ಮಂಗಳೂರಿನಿಂದ ಬೈಂದೂರಿನವರೆಗೆ ಇಂಥ ಯಂತ್ರಗಳನ್ನು ನೋಡಿಕೊಂಡು ಬಂದವನು ನಾನು. ಉಪಯೋಗಿಸಿ ಸವೆದ ಯಂತ್ರಕ್ಕಿಂತ ಜೋಪಾನವಾಗಿ ಮುಚ್ಚಿಟ್ಟ ಯಂತ್ರವೇ ನನ್ನ ಮೇಜಿಗೆ ಹೆಚ್ಚು ಬರುತ್ತದೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ, ಉಳಿದ ದಿನಗಳಲ್ಲಿ ಉಪ್ಪು ಗಾಳಿ ಬೀಸುವ ಊರಿನಲ್ಲಿ ಮುಚ್ಚಿಟ್ಟದ್ದು ಒಳಗಿನಿಂದಲೇ ಕೆಡುತ್ತದೆ: ಹಿತ್ತಾಳೆಗೆ ಕಿಲುಬು, ಕಬ್ಬಿಣಕ್ಕೆ ತುಕ್ಕು, ಚರ್ಮಕ್ಕೂ ಗಾಜಿಗೂ ಬೂಷ್ಟು. ಆದ್ದರಿಂದ ಕೆಳಗೆ ಬರೆದಿರುವುದರಲ್ಲಿ ಯಂತ್ರದ ಹೊಟ್ಟೆ ಬಿಚ್ಚುವ ವಿಷಯ ಬಹಳ ಕಡಿಮೆ. ಸ್ಕ್ರೂ ತಿರುಗಿಸದೆ, ವಾರ್ಡಿನಲ್ಲಿ ನಿಂತೇ ದೋಷ ಎಲ್ಲಿದೆ ಎಂದು ಗುರುತಿಸುವುದು ಹೇಗೆ ಎಂಬುದಷ್ಟೇ ಇಲ್ಲಿಯ ವಿಷಯ.

ಹುಡುಕುವ ಕ್ರಮ

ಮೊದಲಿಗೆ ಒಂದು ಎಚ್ಚರಿಕೆ. ರೋಗಿ ಮುಂದೆ ಮಲಗಿರುವಾಗ ದೋಷ ಹುಡುಕಲು ಕೂರಬೇಡಿ. ಬದಲಿ ಉಪಕರಣ ಕೈಗೆತ್ತಿಕೊಳ್ಳಿ, ಕೈಯಿಂದ ಮಾಡಬಹುದಾದದ್ದನ್ನು ಕೈಯಿಂದಲೇ ಮಾಡಿ. ಆಂಬು ಬ್ಯಾಗಿಗೂ (ಕೈಯಿಂದ ಹಿಸುಕಿ ಉಸಿರು ಕೊಡುವ ಚೀಲ) ಎದೆಯೊತ್ತುವ ಎರಡು ಕೈಗಳಿಗೂ ಕರೆಂಟ್ ಬೇಡ. ಕೆಟ್ಟ ಯಂತ್ರವನ್ನು ಬದಿಗೆ ಸರಿಸಿ, ಅದರ ಮೇಲೆ "ಕೆಟ್ಟಿದೆ" ಎಂದು ದೊಡ್ಡದಾಗಿ ಬರೆದ ಚೀಟಿ ಅಂಟಿಸಿ. ಚೀಟಿ ಇಲ್ಲದೆ ಟ್ರಾಲಿಯಲ್ಲೇ ಉಳಿದ ಕೆಟ್ಟ ಯಂತ್ರವನ್ನು ಮುಂದಿನ ಪಾಳಿಯವರು ನಂಬಿಕೆಯಿಂದ ಎತ್ತಿಕೊಳ್ಳುತ್ತಾರೆ. ಯಂತ್ರವೇ ಇಲ್ಲದಿರುವುದಕ್ಕಿಂತ ಅದು ಅಪಾಯ.

ಇನ್ನು ಹುಡುಕುವ ರೀತಿ. ಅಡಿಕೆ ತೋಟದಲ್ಲಿ ಸ್ಪ್ರಿಂಕ್ಲರ್ ತಿರುಗದಿದ್ದರೆ ನಮ್ಮವರು ಮೊದಲೇ ಪಂಪ್ ಬಿಚ್ಚುವುದಿಲ್ಲ. ಪೈಪಿನ ನಡುವೆ ಒಂದು ಜೋಡಣೆ ಕಳಚುತ್ತಾರೆ. ಅಲ್ಲಿ ನೀರು ಚಿಮ್ಮಿದರೆ ಪಂಪ್ ಸರಿ ಇದೆ, ತೊಂದರೆ ಮುಂದೆ ಇದೆ. ಚಿಮ್ಮದಿದ್ದರೆ ಹಿಂದೆ ಇದೆ. ಒಂದೇ ಪರೀಕ್ಷೆಯಲ್ಲಿ ಅರ್ಧ ತೋಟ ಬಿಟ್ಟುಹೋಗುತ್ತದೆ. ಆಸ್ಪತ್ರೆಯ ಪ್ರತಿಯೊಂದು ಉಪಕರಣಕ್ಕೂ ಹೀಗೆ ನಡುವೆ ಕಳಚಿ ನೋಡುವ ಒಂದು ಜಾಗ ಇದೆ. ಆ ಜಾಗ ಯಾವುದೆಂದು ತಿಳಿದವರು ಅರ್ಧ ತಂತ್ರಜ್ಞರು.

ಸಕ್ಷನ್: ಶಬ್ದ ಇದೆ, ಎಳೆತ ಇಲ್ಲ

ನಡುವಿನ ಜಾಗ ಇಲ್ಲಿ ಯಂತ್ರದ ಮೈಯಿಂದ ಹೊರಬರುವ ನಳಿಕೆಯ ತುದಿ. ಬಾಟಲಿಗೆ ಹೋಗುವ ಟ್ಯೂಬನ್ನು ಅಲ್ಲಿ ಕಳಚಿ, ಕೈಗವಸು ಹಾಕಿದ ಹೆಬ್ಬೆರಳಿನಿಂದ ತೂತನ್ನು ಮುಚ್ಚಿ, ಗೇಜಿನ ಮುಳ್ಳು ನೋಡಿ. ಮುಳ್ಳು ಸರಸರನೆ ಏರಿದರೆ ಪಂಪ್ ಆರೋಗ್ಯವಾಗಿದೆ. ಟ್ಯೂಬ್ ಹಿಸುಕಿದ ನಾಲ್ಕು ಸೆಕೆಂಡಿನೊಳಗೆ 300 ಮಿ.ಮೀ. ಪಾದರಸದಷ್ಟು ಎಳೆತ ಬರಬೇಕು ಎಂಬುದು ಆಂಬುಲೆನ್ಸ್ ಸಕ್ಷನ್‌ಗೆ ಇಡುವ ಅಳತೆ. ವಾರ್ಡಿನ ಯಂತ್ರವನ್ನೂ ಅದೇ ಅಳತೆಯಲ್ಲಿ ತೂಗಿ ನೋಡಿ.

ಮುಳ್ಳು ಏರಿತು, ಆದರೆ ರೋಗಿಯ ಕಡೆ ಎಳೆತ ಇಲ್ಲ ಎಂದಾದರೆ ದೋಷ ಬಾಟಲಿಯಲ್ಲೋ ಟ್ಯೂಬಿನಲ್ಲೋ ಇದೆ. ಮುಚ್ಚಳ ಓರೆಯಾಗಿ ಕೂತಿದೆಯೇ ನೋಡಿ. ತೊಳೆದವರು ರಬ್ಬರ್ ರಿಂಗನ್ನು ಸಿಂಕಿನ ಬದಿಯಲ್ಲೇ ಮರೆತಿರುವುದೂ ಉಂಟು. ಬಾಟಲಿಯೊಳಗೆ ಒಂದು ತೇಲುಬುರುಡೆ ಇರುತ್ತದೆ. ದ್ರವ ತುಂಬಿದಾಗ ಮೇಲೇರಿ ದಾರಿ ಮುಚ್ಚುವುದು ಅದರ ಕೆಲಸ, ಆದರೆ ಸರಿಯಾಗಿ ಒಣಗಿಸದಿದ್ದರೆ ಖಾಲಿ ಬಾಟಲಿಯಲ್ಲೂ ಅದು ಮೇಲೆಯೇ ಅಂಟಿಕೊಂಡಿರುತ್ತದೆ. ಬೆರಳಿನಿಂದ ಒಮ್ಮೆ ತಟ್ಟಿದರೆ ಬಿದ್ದುಹೋಗುತ್ತದೆ. ಬಾಟಲಿಗೂ ಪಂಪಿಗೂ ನಡುವಿನ ಬಿಳಿ ತಟ್ಟೆಯಂಥ ಫಿಲ್ಟರ್ ಒಮ್ಮೆ ಒದ್ದೆಯಾದರೆ ಗಾಳಿಯನ್ನೂ ಬಿಡುವುದಿಲ್ಲ. ಅದು ಹಾಗೆಯೇ ಇರಬೇಕಾದ ವಸ್ತು, ಹಾಳಾಗಿದ್ದಲ್ಲ. ಒಣಗಿಸಿ ಮತ್ತೆ ಹಾಕಲು ಹೋಗದೆ ಹೊಸತು ಹಾಕಿ. ಕೆಲವರು ಫಿಲ್ಟರ್ ಕಿತ್ತೆಸೆದು "ಈಗ ಚೆನ್ನಾಗಿ ಎಳೆಯುತ್ತದೆ" ಎನ್ನುತ್ತಾರೆ. ಎಳೆಯುತ್ತದೆ ನಿಜ, ರೋಗಿಯ ಕಫವನ್ನು ಪಂಪಿನ ಹೊಟ್ಟೆಯವರೆಗೂ ಎಳೆಯುತ್ತದೆ.

ಮುಚ್ಚಳದ ಮೇಲಿನ ಎರಡು ಮೂತಿಗಳನ್ನು ಅದಲುಬದಲು ಮಾಡಿದರೂ ಅದೇ ಗತಿ. ರೋಗಿಯ ಕಡೆಯದು ಯಾವುದು, ಯಂತ್ರದ ಕಡೆಯದು ಯಾವುದು ಎಂದು ಬಣ್ಣದ ಟೇಪ್ ಸುತ್ತಿಡಿ. ದ್ರವ ಪಂಪಿನೊಳಗೆ ಹೋದದ್ದು ಕಂಡರೆ ಯಂತ್ರ ನಿಲ್ಲಿಸಿ, "ಇನ್ನೊಮ್ಮೆ ನೋಡುವ" ಎಂದು ಮತ್ತೆ ಚಾಲೂ ಮಾಡಬೇಡಿ.

ಹೆಬ್ಬೆರಳು ಇಟ್ಟಾಗಲೂ ಮುಳ್ಳು ಏಳದಿದ್ದರೆ, ಆಗ ಮಾತ್ರ ಪಂಪ್ ನನ್ನ ಕೆಲಸ.

ಡಿಫಿಬ್ರಿಲೇಟರ್: ಹಸಿರು ದೀಪದ ಮೋಸ

ಡಿಫಿಬ್ರಿಲೇಟರ್ ಎಂದರೆ ತಾಳ ತಪ್ಪಿದ ಹೃದಯಕ್ಕೆ ಶಾಕ್ ಕೊಡುವ ಯಂತ್ರ. ಗೋಡೆಗೆ ಸಿಕ್ಕಿಸಿದ ಡಿಫಿಬ್ರಿಲೇಟರಿನಲ್ಲಿ ಹಸಿರು ದೀಪ ಉರಿಯುತ್ತಿದೆ ಎಂದರೆ ಗೋಡೆಯಲ್ಲಿ ಕರೆಂಟ್ ಇದೆ ಎಂದು ಅರ್ಥ. ಅಷ್ಟೇ. ಬ್ಯಾಟರಿ ಜೀವಂತ ಇದೆಯೇ ಇಲ್ಲವೇ ಎಂದು ಆ ದೀಪ ಹೇಳುವುದಿಲ್ಲ. ವಾರ್ಡಿನಿಂದ ಲಿಫ್ಟಿಗೆ, ಲಿಫ್ಟಿನಿಂದ ಆಂಬುಲೆನ್ಸಿಗೆ ರೋಗಿಯ ಜೊತೆ ಯಂತ್ರ ಹೊರಟಾಗ, ಪ್ಲಗ್ ಕಿತ್ತ ಮರುಕ್ಷಣ ಪರದೆ ಕಪ್ಪಾಗುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ಮೂರು ವರ್ಷ ಉರಿದ ಹಸಿರು ದೀಪವನ್ನು ನಂಬಿದವರಿಗೆ ಅದು ಮೊದಲ ಪರೀಕ್ಷೆಯಾಗಿತ್ತು.

ಹಳೆಯ ಮಾದರಿಗಳಲ್ಲಿ ಇರುವುದು ಮುಚ್ಚಿದ ಸೀಸ-ಆಮ್ಲದ ಬ್ಯಾಟರಿ. ಅದರ ಆಯುಷ್ಯ ಎರಡು ಮೂರು ವರ್ಷ. ತಯಾರಕರು ಆ ಲೆಕ್ಕ ಹಾಕುವುದು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದಕ್ಕಿಂತ ಹತ್ತು ಡಿಗ್ರಿ ಹೆಚ್ಚಾದರೆ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಏಸಿ ಇಲ್ಲದ ನಮ್ಮ ಏಪ್ರಿಲ್ ತಿಂಗಳ ಕೋಣೆಯನ್ನು ಒಮ್ಮೆ ನೆನೆದುಕೊಳ್ಳಿ. ಮೀಟರ್ ಹಿಡಿದು 12.7 ವೋಲ್ಟ್ ಇದೆ ಎಂದು ಸಮಾಧಾನ ಪಡುವವರೂ ಇದ್ದಾರೆ. ಹೊರೆ ಇಲ್ಲದೆ ಕುಳಿತ ಬ್ಯಾಟರಿ ಮುಪ್ಪಿನಲ್ಲೂ ಒಳ್ಳೆಯ ವೋಲ್ಟೇಜ್ ತೋರಿಸುತ್ತದೆ, ಹೊರೆ ಬಿದ್ದಾಗ ಕುಸಿಯುತ್ತದೆ.

ಆದ್ದರಿಂದ ಪರೀಕ್ಷೆ ಹೀಗಿರಲಿ: ಪ್ಲಗ್ ಕಿತ್ತು, ಬ್ಯಾಟರಿಯ ಮೇಲೆ ಯಂತ್ರ ಚಾಲೂ ಮಾಡಿ. ಎದೆಗೆ ಒತ್ತಿ ಶಾಕ್ ಕೊಡುವ ಪ್ಯಾಡಲ್‌ಗಳು ತಮ್ಮ ಗೂಡಿನಲ್ಲೇ ಇರಲಿ. ಆ ಯಂತ್ರದ ಕೈಪಿಡಿ ಹೇಳಿದ ಶಕ್ತಿಗೆ (ಅನೇಕ ಮಾದರಿಗಳಲ್ಲಿ ದಿನದ ಪರೀಕ್ಷೆ 30 ಜೂಲ್) ಚಾರ್ಜ್ ಮಾಡಿ, ಯಂತ್ರದೊಳಗಿನ ಪರೀಕ್ಷಾ ಹೊರೆಗೆ ಬಿಡಿ. ತಿಂಗಳಿಗೊಮ್ಮೆ ಗರಿಷ್ಠ ಶಕ್ತಿಗೂ ಚಾರ್ಜ್ ಮಾಡಿ ಸೆಕೆಂಡುಗಳನ್ನು ಎಣಿಸಿ. ಒಳ್ಳೆಯ ಬ್ಯಾಟರಿಯಲ್ಲಿ ಬಹುತೇಕ ಯಂತ್ರಗಳು ಹತ್ತು ಸೆಕೆಂಡಿನೊಳಗೆ ತಯಾರಾಗುತ್ತವೆ. ಕಳೆದ ತಿಂಗಳಿಗಿಂತ ಈ ತಿಂಗಳು ತಡವಾಯಿತೇ ಎಂಬುದೇ ಮುಖ್ಯ, ಆದ್ದರಿಂದ ಆ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಡಿ. ಪ್ಯಾಡಲ್‌ಗಳನ್ನು ಗಾಳಿಯಲ್ಲಿ ಹಿಡಿದೋ ಒಂದಕ್ಕೊಂದು ತಾಗಿಸಿಯೋ ಶಾಕ್ ಬಿಡಬೇಡಿ. ಕವಚ ಬಿಚ್ಚುವುದಂತೂ ಬೇಡವೇ ಬೇಡ. ಒಳಗಿನ ಕೆಪಾಸಿಟರಿನಲ್ಲಿ ಪ್ಲಗ್ ತೆಗೆದ ಮೇಲೂ ಕೊಲ್ಲುವಷ್ಟು ಚಾರ್ಜ್ ಉಳಿದಿರಬಹುದು.

ಚಾರ್ಜ್ ಆಗುತ್ತದೆ, ಗುಂಡಿ ಒತ್ತಿದರೆ ಶಾಕ್ ಬರುವುದಿಲ್ಲ ಎಂಬ ದೂರು ಬಂದರೆ ನಾನು ಮೊದಲು ಕೇಳುವುದು: "ಸಿಂಕ್ ದೀಪ ಉರಿಯುತ್ತಿತ್ತೇ?" ಸಿಂಕ್ ಒತ್ತಿದ್ದಾಗ ಯಂತ್ರ ಇಸಿಜಿಯ ಆರ್ ಅಲೆಗಾಗಿ (ಪ್ರತಿ ಬಡಿತದ ಎತ್ತರದ ಮೊನೆ) ಕಾದು, ಅದರ ಮೇಲೆ ಶಾಕ್ ಬಿಡುತ್ತದೆ. ಹೃದಯದ ಕೆಳಕೋಣೆ ಬರಿದೆ ಕಂಪಿಸುತ್ತಿರುವಾಗ ಆರ್ ಅಲೆಯೇ ಇರುವುದಿಲ್ಲ, ಯಂತ್ರ ಕಾಯುತ್ತಲೇ ಇರುತ್ತದೆ. ಹಿಂದಿನ ರೋಗಿಗೆ ಸಿಂಕ್ ಹಾಕಿದವರು ತೆಗೆಯದೆ ಹೋಗಿರುತ್ತಾರೆ. ಯಂತ್ರ ತನ್ನ ಕೆಲಸವನ್ನು ಕರಾರುವಾಕ್ಕಾಗಿ ಮಾಡುತ್ತಿತ್ತು, ತಪ್ಪು ಸಮಯದಲ್ಲಿ ಅಷ್ಟೇ.

ಪ್ಯಾಡಲ್ ಮೇಲೆ ಒಣಗಿದ ಜೆಲ್ ಬಿಳಿ ಚಕ್ಕೆಯಾಗಿ ಕೂತಿದ್ದರೆ ಸಂಪರ್ಕ ಕೆಡುತ್ತದೆ, ಚರ್ಮ ಸುಡುತ್ತದೆ. ಬಳಸಿದ ಕೂಡಲೇ ಒರೆಸಿ. ಅಲ್ಟ್ರಾಸೌಂಡ್ ಜೆಲ್ ಹತ್ತಿರ ಇದೆ ಎಂದು ಅದನ್ನೇ ಬಳಿಯಬೇಡಿ. ಅದು ಶಬ್ದದ ಅಲೆಗೆ ಮಾಡಿದ್ದು, ಕರೆಂಟ್ ಹಾಯಿಸಲು ಅಲ್ಲ.

ಎಇಡಿ: ನಿಮಿಷಕ್ಕೊಮ್ಮೆ ಕೂಗುವ ಪೆಟ್ಟಿಗೆ

ಕಚೇರಿ, ಜಿಮ್, ವಸತಿ ಸಮುಚ್ಚಯಗಳ ಗೋಡೆಗೆ ಈಗ ಎಇಡಿ, ಅಂದರೆ ಸ್ವಯಂಚಾಲಿತ ಡಿಫಿಬ್ರಿಲೇಟರ್, ಬರುತ್ತಿದೆ, ಸಂತೋಷ. ಅದು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಸರಿ ಇದ್ದರೆ ಹಸಿರು ಗುರುತು, ಇಲ್ಲದಿದ್ದರೆ ಕೆಂಪು ಗುರುತು ಮತ್ತು ಚಿಲಿಪಿಲಿ. ಇಲ್ಲಿ ಹಸಿರಿಗೆ ಬೆಲೆ ಇದೆ, ಏಕೆಂದರೆ ಅದು ಬ್ಯಾಟರಿಯನ್ನೂ ನೋಡಿ ಕೊಟ್ಟ ಹಸಿರು. ಮಂಗಳೂರಿನ ಒಂದು ಕಟ್ಟಡದಲ್ಲಿ ಕಾವಲುಗಾರರು ಹೇಳಿದ್ದು: "ರಾತ್ರಿಯಿಡೀ ಕೂಗುತ್ತಿತ್ತು ಸಾರ್, ಬ್ಯಾಟರಿ ತೆಗೆದಿಟ್ಟೆವು. ಈಗ ಆರಾಮ ಉಂಟು." ಬ್ಯಾಟರಿ ಎಲ್ಲಿ ಎಂದರೆ ಯಾರಿಗೂ ನೆನಪಿಲ್ಲ.

ಕೂಗಿಗೆ ಸಾಮಾನ್ಯ ಕಾರಣ ಎರಡು: ಬ್ಯಾಟರಿ ಮುಗಿಯುತ್ತಾ ಬಂದಿದೆ, ಅಥವಾ ಎದೆಗೆ ಅಂಟಿಸುವ ಪ್ಯಾಡ್‌ಗಳ ಅವಧಿ ಮುಗಿದಿದೆ. ಬಹುತೇಕ ಮಾದರಿಗಳ ಲಿಥಿಯಂ ಬ್ಯಾಟರಿ ರೀಚಾರ್ಜ್ ಆಗುವಂಥದ್ದಲ್ಲ, ಸುಮ್ಮನೆ ಗೋಡೆಯಲ್ಲಿದ್ದರೆ ನಾಲ್ಕೈದು ವರ್ಷ ಬಾಳುತ್ತದೆ. ಪ್ಯಾಡ್‌ಗಳದು ಸುಮಾರು ಎರಡು ವರ್ಷ, ದಿನಾಂಕ ಪೊಟ್ಟಣದ ಮೇಲೆಯೇ ಇದೆ. "ಸರಿ ಇದೆಯೋ ನೋಡೋಣ" ಎಂದು ಪೊಟ್ಟಣ ಹರಿದು ನೋಡಿದರೆ ಜೆಲ್ ಒಣಗಿ ಅದು ಸರಿ ಇಲ್ಲದಂತಾಗುತ್ತದೆ. ಬ್ಯಾಟರಿಯನ್ನು ದಿನಾ ತೆಗೆದು ಹಾಕಿ ಪರೀಕ್ಷಿಸುವವರೂ ಇದ್ದಾರೆ. ಪ್ರತಿ ಬಾರಿ ಹಾಕಿದಾಗ ಯಂತ್ರ ಪೂರ್ಣ ಸ್ವಪರೀಕ್ಷೆ ನಡೆಸುತ್ತದೆ, ಅದಕ್ಕೆ ಖರ್ಚಾಗುವುದು ಅದೇ ಬ್ಯಾಟರಿ. ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿ ಇದನ್ನು ಇಡುವ ಜಾಗವಲ್ಲ, ಬಹಳಷ್ಟು ಮಾದರಿಗಳ ಮಿತಿ 50 ಡಿಗ್ರಿ.

ಬಳಸುವಾಗ "ಪ್ಯಾಡ್ ಪರೀಕ್ಷಿಸಿ" ಎಂದು ಯಂತ್ರ ಮತ್ತೆ ಮತ್ತೆ ಹೇಳಿದರೆ ಮೊದಲು ಎದೆ ನೋಡಿ. ಮಲ್ಪೆ, ಪಣಂಬೂರು ಕಡಲತೀರದಲ್ಲಿ ನೀರಿನಿಂದ ಎತ್ತಿ ತಂದವರ ಎದೆಯ ಮೇಲೆ ಮರಳು, ಉಪ್ಪುನೀರು. ಬೆವರಿದ ಎದೆಯೂ ಅಷ್ಟೇ. ಒರೆಸಿ ಒಣಗಿಸಿ ಒತ್ತಿ ಅಂಟಿಸಿದರೆ ಬಹುತೇಕ ಸರಿಹೋಗುತ್ತದೆ. ದಟ್ಟ ಕೂದಲಿದ್ದರೆ ಬೋಳಿಸಬೇಕು. ಅದಕ್ಕಾಗಿ ಪೆಟ್ಟಿಗೆಯಲ್ಲಿ ರೇಜರ್, ಕತ್ತರಿ, ಒಣಗಿದ ಟವೆಲ್ ಇರಬೇಕು. ರೇಜರ್ ಮಾಯವಾಗುವ ವಸ್ತುಗಳಲ್ಲಿ ಮೊದಲನೆಯದು. ಎದೆಯೊತ್ತುವವರೂ ಇಲ್ಲದಾಗ ಶಾಕ್ ಒಂದೊಂದು ನಿಮಿಷ ತಡವಾದಂತೆ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ. ರೇಜರ್ ಹುಡುಕಲು ಅದರಲ್ಲಿ ಸಮಯ ಇಲ್ಲ.

ಆಮ್ಲಜನಕ ಸಿಲಿಂಡರ್

ಇದರಲ್ಲಿ ನಾನು ಕಾಣುವ ಮುಖ್ಯ ದೋಷ ಸ್ಪ್ಯಾನರ್ ಇಲ್ಲದಿರುವುದು. ತಮಾಷೆ ಅಲ್ಲ. ಕಪ್ಪು ಮೈ, ಬಿಳಿ ಭುಜದ ಸಿಲಿಂಡರ್ ತುಂಬಿದೆ, ಒತ್ತಡ ತಗ್ಗಿಸುವ ರೆಗ್ಯುಲೇಟರ್ ಸರಿ ಇದೆ, ತೆರೆಯುವ ಕೀ ಯಾರದೋ ಮೇಜಿನ ಡ್ರಾಯರಿನಲ್ಲಿದೆ. ಆ ಕೀಯನ್ನು ಸಿಲಿಂಡರ್ ಕುತ್ತಿಗೆಗೆ ಸರಪಳಿಯಲ್ಲಿ ಕಟ್ಟಿ.

ಎರಡನೆಯದು ಕೀ ಇದ್ದರೂ ವಾಲ್ವ್ ಬಿಗಿಯಾಗಿ ತಿರುಗದಿರುವುದು. ಆಗ ನಮ್ಮ ಊರಿನಲ್ಲಿ ಕೈ ತಾನಾಗಿ ಹೋಗುವುದು ತೆಂಗಿನೆಣ್ಣೆ ಬಾಟಲಿಗೆ. ಬಾಗಿಲಿನ ತಿರುಗಣೆಗೆ, ಬೀಗಕ್ಕೆ, ತಲೆಗೆ, ಎಲ್ಲದಕ್ಕೂ ಅದೇ ಮದ್ದು. ಇಲ್ಲಿ ಮಾತ್ರ ಬೇಡ. ಒತ್ತಡದ ಆಮ್ಲಜನಕ ಎಣ್ಣೆಗೆ ತಾಗಿದರೆ ಕಿಡಿಯೇ ಇಲ್ಲದೆ ಹೊತ್ತಿಕೊಳ್ಳುತ್ತದೆ. ಗ್ರೀಸ್, ವ್ಯಾಸಲೀನ್, ಎಣ್ಣೆಯ ಕೈ, ಯಾವುದೂ ವಾಲ್ವಿನ ಹತ್ತಿರ ಬರಬಾರದು. ತಿರುಗದ ವಾಲ್ವ್ ಇದ್ದ ಸಿಲಿಂಡರನ್ನು ಸರಬರಾಜು ಮಾಡಿದವರಿಗೇ ಹಿಂದಿರುಗಿಸಿ.

ರೆಗ್ಯುಲೇಟರ್ ಹಾಕುವ ಮೊದಲು ವಾಲ್ವನ್ನು ಕ್ಷಣಮಾತ್ರ ತೆರೆದು ಮುಚ್ಚಿ, ಬಾಯಲ್ಲಿನ ದೂಳು ಹಾರಿಹೋಗುತ್ತದೆ. ಹಾಕಿದ ಮೇಲೆ ನಿಧಾನವಾಗಿ ತೆರೆಯಿರಿ. ಜೋಡಣೆಯಲ್ಲಿ ಬುಸುಗುಟ್ಟಿದರೆ ವಾಷರ್ ನೋಡಿ. ಸವೆದಿರುತ್ತದೆ, ಇಲ್ಲವೇ ಹಳೆಯದರ ಮೇಲೆ ಹೊಸತನ್ನೂ ಸೇರಿಸಿ ಎರಡು ಹಾಕಿರುತ್ತಾರೆ. ಸಣ್ಣ ಸಿಲಿಂಡರಿನ ಪಿನ್‌ಗಳು ಕೂರದಿದ್ದರೆ ಒತ್ತಾಯಿಸಬೇಡಿ. ಆಮ್ಲಜನಕದ ಪಿನ್ ಸ್ಥಾನ 2 ಮತ್ತು 5. ಬೇರೆ ಅನಿಲದ ಸಿಲಿಂಡರಿಗೆ ತಪ್ಪಿಯೂ ಕೂರಬಾರದೆಂದೇ ಆ ವ್ಯವಸ್ಥೆ.

"ಹೋದ ವಾರ ತುಂಬಿತ್ತು, ಇವತ್ತು ಖಾಲಿ" ಎಂಬ ದೂರಿಗೆ: ವಾಲ್ವ್ ತೆರೆದು, ಹರಿವನ್ನು ಪೂರ್ತಿ ಮುಚ್ಚಿ, ಮುಳ್ಳು ಎಲ್ಲಿದೆ ಎಂದು ಗುರುತಿಸಿ, ವಾಲ್ವ್ ಮುಚ್ಚಿ. ಹತ್ತು ನಿಮಿಷ ಬಿಟ್ಟು ನೋಡಿ. ಮುಳ್ಳು ಇಳಿದಿದ್ದರೆ ರೆಗ್ಯುಲೇಟರ್ ಅಥವಾ ಜೋಡಣೆ ಸೋರುತ್ತಿದೆ. ಇಳಿಯದಿದ್ದರೆ ಸೋರಿದ್ದು ಶಿಸ್ತು, ಬಳಸಿದ ಮೇಲೆ ಯಾರೂ ಮುಖ್ಯ ವಾಲ್ವ್ ಮುಚ್ಚುತ್ತಿಲ್ಲ.

ಒತ್ತಡ ಇದೆ, ಹರಿವು ತೋರಿಸುವ ಮೀಟರಿನ ಗುಂಡು ಮೇಲೇಳುವುದಿಲ್ಲ ಎಂದಾದರೆ ಮೀಟರ್ ನೆಟ್ಟಗೆ ನಿಂತಿದೆಯೇ ನೋಡಿ. ಓರೆಯಾಗಿ ಕಟ್ಟಿದ ಆಂಬುಲೆನ್ಸ್ ಸಿಲಿಂಡರಿನಲ್ಲಿ ಗುಂಡು ಗಾಜಿಗೆ ಒರಗಿ ಸುಳ್ಳು ಹೇಳುತ್ತದೆ. ಗುಂಡು ಏಳುತ್ತದೆ, ಆದರೆ ಆಮ್ಲಜನಕಕ್ಕೆ ತೇವ ಕೊಡುವ ಹ್ಯುಮಿಡಿಫೈಯರ್ ಬಾಟಲಿಯಲ್ಲಿ ಗುಳ್ಳೆ ಇಲ್ಲ ಎಂದಾದರೆ ಬಾಟಲಿಯ ತಿರುಪು ಓರೆಯಾಗಿ ಹತ್ತಿ ಗಾಳಿ ಹೊರಗೆ ಹೋಗುತ್ತಿದೆ. ಆ ಬಾಟಲಿಗೆ ಡಿಸ್ಟಿಲ್ಡ್ ನೀರು ಹಾಕಿ, ದಿನಾ ಬದಲಿಸಿ. ನಮ್ಮ ಬಾವಿ ನೀರು ಎಷ್ಟೇ ಸಿಹಿಯಾಗಿರಲಿ, ಎರಡೇ ದಿನದಲ್ಲಿ ಅದರಲ್ಲಿ ಪಾಚಿಯ ಲೋಳೆ ಕಾಣಿಸುತ್ತದೆ.

ಇನ್ನು ಲೆಕ್ಕ. ಆಂಬುಲೆನ್ಸಿನಲ್ಲಿ ಸಾಮಾನ್ಯವಾಗಿ ಕಾಣುವ ಬಿ ಮಾದರಿಯ ಸಿಲಿಂಡರ್ ತುಂಬಿದ್ದಾಗ 150 ಬಾರ್ ಆಸುಪಾಸು ಒತ್ತಡ, ಸುಮಾರು 1,500 ಲೀಟರ್ ಅನಿಲ. ಮುಳ್ಳು 50ರಲ್ಲಿದ್ದರೆ ಉಳಿದದ್ದು ಸುಮಾರು 500 ಲೀಟರ್. ನಿಮಿಷಕ್ಕೆ 10 ಲೀಟರ್ ಬೇಕಾದ ರೋಗಿಗೆ ಅದು 50 ನಿಮಿಷ. ಉಡುಪಿಯಿಂದ ಮಂಗಳೂರಿಗೆ ಹೆದ್ದಾರಿ 66ರಲ್ಲಿ 55 ಕಿ.ಮೀ.ಗಿಂತ ಹೆಚ್ಚು. ಸುರತ್ಕಲ್ ದಾಟುವಾಗಿನ ಸಂಜೆಯ ವಾಹನ ಸಾಲು ನೋಡಿದವರಿಗೆ "ಇನ್ನೂ ಮೂರನೇ ಒಂದು ಪಾಲು ಉಂಟಲ್ಲ" ಎಂಬ ಮಾತಿನ ಬೆಲೆ ಗೊತ್ತಾಗುತ್ತದೆ. ಈ ಲೆಕ್ಕವನ್ನು ಬರೆದು ಸಿಲಿಂಡರ್ ಪಕ್ಕದಲ್ಲೇ ಅಂಟಿಸಿ. ಗಾಬರಿಯಲ್ಲಿ ಭಾಗಾಕಾರ ಯಾರಿಗೂ ಬರುವುದಿಲ್ಲ.

ಕಾನ್ಸಂಟ್ರೇಟರ್: 2021ರ ಉಡುಗೊರೆ

ಕೋವಿಡ್ ಎರಡನೇ ಅಲೆಯಲ್ಲಿ ಬಂದ ಆಮ್ಲಜನಕ ಕಾನ್ಸಂಟ್ರೇಟರ್‌ಗಳು ಈಗ ಎಷ್ಟೋ ಕಡೆ ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಕುಳಿತಿವೆ. ಒಳಗಿರುವ ಝಿಯೊಲೈಟ್ ಹರಳುಗಳು ಗಾಳಿಯ ಸಾರಜನಕವನ್ನು ಹಿಡಿದು ಆಮ್ಲಜನಕವನ್ನು ಮುಂದೆ ಬಿಡುತ್ತವೆ. ಆದರೆ ಅವಕ್ಕೆ ಸಾರಜನಕಕ್ಕಿಂತ ನೀರಿನ ಮೇಲೆ ಪ್ರೀತಿ ಹೆಚ್ಚು. ಚಾಲೂ ಮಾಡದೆ ಒಂದು ಮಳೆಗಾಲ ಇಟ್ಟರೆ ತೇವ ಕುಡಿದು ಕೂರುತ್ತವೆ. ಯಂತ್ರ ಗುರುಗುಟ್ಟುತ್ತದೆ, ಗಾಳಿ ಬರುತ್ತದೆ, ಗುಂಡು 5 ಲೀಟರ್ ತೋರಿಸುತ್ತದೆ. ಬರುವ ಗಾಳಿಯಲ್ಲಿ ಆಮ್ಲಜನಕ ಎಷ್ಟು ಎಂಬುದು ಮಾತ್ರ ಕಣ್ಣಿಗೆ ಕಾಣುವುದಿಲ್ಲ.

ಅರ್ಧ ಗಂಟೆ ಓಡಿಸಿ, ನಂತರ ಆಕ್ಸಿಜನ್ ಅನಲೈಸರಿನಲ್ಲಿ ಅಳೆಯಬೇಕು. 90ರಿಂದ 96 ಶೇಕಡಾ ಇರಬೇಕಾದ್ದು. ಶುದ್ಧತೆ ಸಾಲದು ಎಂದು ಹೇಳುವ ಹಳದಿ ದೀಪ ಆರದಿದ್ದರೆ ಮೊದಲು ಹಿಂಬದಿಯ ಸ್ಪಂಜಿನ ಫಿಲ್ಟರ್ ತೊಳೆದು ಪೂರ್ತಿ ಒಣಗಿಸಿ ಹಾಕಿ ನೋಡಿ. ಗೋಡೆಗೆ ಒತ್ತಿ ಇಟ್ಟಿದ್ದರೆ ಒಂದು ಅಡಿ ಈಚೆ ಎಳೆಯಿರಿ. ಆಮೇಲೂ ಶುದ್ಧತೆ ಏರದಿದ್ದರೆ ಹರಳಿನ ಕೊಳವೆ ಬದಲಿಸಬೇಕು. ಬಂದ ದಿನದಿಂದ ವಾರಕ್ಕೊಮ್ಮೆ ಓಡಿಸುತ್ತಿದ್ದ ಯಂತ್ರಗಳು ನನ್ನ ಕೈಯಲ್ಲಿ ಇಂದಿಗೂ ಒಳ್ಳೆಯ ಅಳತೆ ಕೊಡುತ್ತಿವೆ. ಕರೆಂಟ್ ಹೋದರೆ ಇದು ಬರಿ ಪೆಟ್ಟಿಗೆ ಎಂಬುದನ್ನು ಮರೆಯದೆ ಪಕ್ಕದಲ್ಲಿ ಸಿಲಿಂಡರ್ ಇಡಿ.

ಸಣ್ಣವು

ಗಂಟಲೊಳಗೆ ಬೆಳಕು ಬಿಟ್ಟು ನೋಡುವ ಲ್ಯಾರಿಂಗೋಸ್ಕೋಪ್ ಬೆಳಗದಿದ್ದರೆ ಬಲ್ಬ್ ಬಿಗಿ ಮಾಡಿ, ಇನ್ನೊಂದು ಬ್ಲೇಡ್ ಸಿಕ್ಕಿಸಿ ನೋಡಿ. ಬೇರೆ ಬ್ಲೇಡಿನಲ್ಲಿ ಬೆಳಗಿದರೆ ಹಿಡಿಕೆ ಸರಿ. ಎರಡರಲ್ಲೂ ಇಲ್ಲದಿದ್ದರೆ ಸೆಲ್ ತೆಗೆಯಿರಿ. ಬಿಳಿ ಪುಡಿ ಇದ್ದರೆ ಕ್ಷಾರ ಸೋರಿದೆ, ಕೈಗವಸು ಹಾಕಿ, ನಿಂಬೆರಸ ತಾಗಿಸಿದ ಹತ್ತಿಯಿಂದ ಒರೆಸಿ, ಸ್ಪಿರಿಟ್‌ನಿಂದ ಶುಚಿ ಮಾಡಿ ಒಣಗಿಸಿ. ಸಂಪರ್ಕದ ಹಿತ್ತಾಳೆಗೆ ಕಿಲುಬು ಹಿಡಿದಿದ್ದರೆ ಶಾಲಾ ಮಕ್ಕಳ ರಬ್ಬರಿನಿಂದ ಉಜ್ಜಿದರೆ ಸಾಕು.

ಆಂಬು ಬ್ಯಾಗಿನ ಪರೀಕ್ಷೆ ಐದು ಸೆಕೆಂಡಿನದು: ರೋಗಿಯ ಕಡೆಯ ಬಾಯಿಯನ್ನು ಅಂಗೈಯಲ್ಲಿ ಮುಚ್ಚಿ ಹಿಸುಕಿ. ಕೈಗೆ ಎದುರೊತ್ತು ಸಿಗಬೇಕು. ಸಿಗದಿದ್ದರೆ ತೊಳೆದು ಜೋಡಿಸಿದವರು ಮೀನಿನ ಬಾಯಿಯಂಥ ವಾಲ್ವನ್ನು ತಿರುಗಿಸಿ ಹಾಕಿದ್ದಾರೆ, ಅಥವಾ ಬಿಟ್ಟೇಬಿಟ್ಟಿದ್ದಾರೆ. ಮಕ್ಕಳ ಬ್ಯಾಗಿನಲ್ಲಿ ಒತ್ತಡ ಮಿತಿಯ ವಾಲ್ವ್ ಇರುವುದರಿಂದ ಜೋರಾಗಿ ಹಿಸುಕಿದಾಗ ಸ್ವಲ್ಪ ಗಾಳಿ ಬಿಡುವುದು ಸಹಜ, ಅದನ್ನು ದೋಷ ಎಂದು ತಿಳಿದು ಟೇಪ್ ಸುತ್ತಬೇಡಿ. ಒಮ್ಮೆ ಸುತ್ತಿದ್ದನ್ನು ಕಂಡು ನನಗೆ ಬೆವರು ಇಳಿದಿತ್ತು.

ಪಲ್ಸ್ ಆಕ್ಸಿಮೀಟರ್ ಓದದಿದ್ದರೆ ಬೆರಳು ತಣ್ಣಗಿದೆಯೇ, ಉಗುರುಬಣ್ಣ ಇದೆಯೇ ನೋಡಿ. ಮದುವೆ ಕಾಲದಲ್ಲಿ ಬೆರಳ ತುದಿಯ ಗಾಢ ಮದರಂಗಿಯೂ ಬೆಳಕನ್ನು ತಡೆಯುತ್ತದೆ, ಬೇರೆ ಬೆರಳೋ ಕಿವಿಯ ಹಾಲೆಯೋ ನೋಡಿ. ಗ್ಲುಕೋಮೀಟರ್ ದಿನಕ್ಕೊಂದು ಲೆಕ್ಕ ಹೇಳಿದರೆ ಮೀಟರಿಗಿಂತ ಮೊದಲು ಪಟ್ಟಿಯ ಡಬ್ಬಿಯನ್ನು ಅನುಮಾನಿಸಿ. ಜೂನ್ ತಿಂಗಳಲ್ಲಿ ಮುಚ್ಚಳ ತೆರೆದಿಟ್ಟ ಡಬ್ಬಿ ಎಸೆಯಲು ಮಾತ್ರ ಯೋಗ್ಯ.

ಇಸಿಜಿ ಗೆರೆ ದಪ್ಪಗೆ, ಗರಗಸದಂತೆ ಬಂದರೆ

ಪ್ಲಗ್ ಕಿತ್ತು ಬ್ಯಾಟರಿಯ ಮೇಲೆ ನೋಡಿ. ಗೆರೆ ತಿಳಿಯಾದರೆ ಯಂತ್ರ ನಿರಪರಾಧಿ, ಕಟ್ಟಡದ ಅರ್ತಿಂಗ್ ಕೆಟ್ಟಿದೆ. ನಮ್ಮ ಕಟ್ಟಡಗಳು ನಿಂತಿರುವುದು ಮುರಕಲ್ಲಿನ ಮೇಲೆ. ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ತಿಂಗ್ ಗುಂಡಿ ಮಾರ್ಚ್ ಏಪ್ರಿಲ್ ಹೊತ್ತಿಗೆ ಒಣಗಿ, ಇದ್ದೂ ಇಲ್ಲದಂತಾಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಮುಂಗಾರು ಪೂರ್ವದ ಗುಡುಗು ಸಿಡಿಲು ಶುರು. ಎಲೆಕ್ಟ್ರಿಷಿಯನ್ ಕರೆಸಿ ಬೇಸಿಗೆಯಲ್ಲೇ ಅಳೆಸಿ, ಗುಂಡಿಗೆ ನೀರು ಹಾಕಿಸಿ. ಆಗಸ್ಟಿನಲ್ಲಿ ಅಳೆದು ಪ್ರಮಾಣಪತ್ರ ಗೋಡೆಗೆ ತೂಗು ಹಾಕಿದರೆ ಅದು ಮಳೆಯ ಪ್ರಮಾಣಪತ್ರ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ ಮುರಿದು ಎರಡು ಪಿನ್ನಿನ ಸಾಕೆಟ್‌ಗೆ ತೂರಿಸುವವರ ಬಗ್ಗೆ ಬರೆದರೆ ಭಾಷೆ ಕೆಡುತ್ತದೆ, ಬಿಡುತ್ತೇನೆ.

ಇಡುವ ರೀತಿ

ಹಿಂದೆ ನಮ್ಮಲ್ಲಿ ಕ್ಯಾಮೆರಾ, ಉಪಕರಣಗಳ ಕಪಾಟಿನಲ್ಲಿ ನಲವತ್ತು ವ್ಯಾಟಿನ ಬಲ್ಬ್ ಉರಿಸಿಡುತ್ತಿದ್ದರು. ಬಿಸಿಗೆ ತೇವ ಆರುತ್ತಿತ್ತು. ಈಗ ಅದೇ ಜಾಗದಲ್ಲಿ ಎಲ್‌ಇಡಿ ಹಾಕಿ "ನಾವೂ ಬಲ್ಬ್ ಇಟ್ಟಿದ್ದೇವೆ" ಎನ್ನುತ್ತಾರೆ. ಬೆಳಕಿಗೆ ತೇವ ಆರುವುದಿಲ್ಲ, ಬೂಷ್ಟು ಚೆನ್ನಾಗಿ ಕಾಣುತ್ತದೆ ಅಷ್ಟೇ. ಸಿಲಿಕಾ ಜೆಲ್ ಪೊಟ್ಟಣ ಇಡಿ, ನೀಲಿ ಗುಲಾಬಿಯಾದಾಗ ಅಥವಾ ಕಿತ್ತಳೆ ಹಸಿರಾದಾಗ ಬದಲಿಸಿ. ರೆಕ್ಸಿನ್ ಹೊದಿಕೆ ಬೇಡ, ಉಸಿರಾಡುವ ಹತ್ತಿ ಬಟ್ಟೆ ಸಾಕು.

ವರ್ಷದ ದೊಡ್ಡ ತಪಾಸಣೆಗೆ ನಾನು ಇಟ್ಟುಕೊಂಡ ಗಡುವು ಪತ್ತನಾಜೆ. ಮೇ 24ರ ಆಸುಪಾಸಿನಲ್ಲಿ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ನಾನು ಪೆಟ್ಟಿಗೆ ಬಿಚ್ಚುತ್ತೇನೆ. ಮಳೆ ಹಿಡಿಯುವ ಮೊದಲು ರಬ್ಬರ್, ವಾಷರ್, ಬ್ಯಾಟರಿ, ದಿನಾಂಕ ಎಲ್ಲವನ್ನೂ ನೋಡಿ ಮುಗಿಸಬೇಕು. ಮಲ್ಪೆಯ ಬೋಟಿನವರಿಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಯ ನಿಷೇಧ ಇದೆ. ಎಂಜಿನ್ ಬಿಚ್ಚಿಟ್ಟು ಕೂರಬಹುದು. ಆಸ್ಪತ್ರೆಗೆ ಅಂಥ ರಜೆ ಇಲ್ಲ. ಆದ್ದರಿಂದ ಇರುವ ಎರಡು ಸಕ್ಷನ್ ಯಂತ್ರಗಳನ್ನು ಒಂದೇ ದಿನ ರಿಪೇರಿಗೆ ಕಳುಹಿಸಬೇಡಿ. ಒಂದು ಹಿಂದಿರುಗಿ ಪರೀಕ್ಷೆಯಾದ ಮೇಲೆ ಇನ್ನೊಂದು.

ಪುಸ್ತಕದಲ್ಲಿ "ಎಲ್ಲ ಸರಿ ಇದೆ" ಎಂದು ಬರೆಯುವುದನ್ನು ನಾನು ಒಪ್ಪುವುದಿಲ್ಲ. ಸಂಖ್ಯೆ ಬರೆಯಿರಿ: ಸಿಲಿಂಡರ್ 120, ಚಾರ್ಜ್ 8 ಸೆಕೆಂಡ್, ಸಕ್ಷನ್ 300 ಮುಟ್ಟಲು 3 ಸೆಕೆಂಡ್. ನೋಡದೆ ಸಂಖ್ಯೆ ಬರೆಯುವುದು "ಸರಿ ಇದೆ" ಎಂದು ಬರೆಯುವುದಕ್ಕಿಂತ ಕಷ್ಟ. ತಿಂಗಳಿಡೀ ಒಂದೇ ಸಂಖ್ಯೆ ಕಂಡರೆ ಸುಳ್ಳೂ ಸಿಕ್ಕಿಬೀಳುತ್ತದೆ.

ತಂತ್ರಜ್ಞರನ್ನು ಕರೆಯುವಾಗ

ಮಾದರಿಯ ಹೆಸರು, ಕ್ರಮ ಸಂಖ್ಯೆ, ಪರದೆಯಲ್ಲಿ ಬಂದ ಸಂಕೇತದ ಫೋಟೋ, ಗೋಡೆಯ ಕರೆಂಟಿನಲ್ಲಿ ಆಗಿದ್ದೋ ಬ್ಯಾಟರಿಯಲ್ಲೋ, ಕೊನೆಯದಾಗಿ ಯಾವಾಗ ಸರಿಯಾಗಿತ್ತು, ಇಷ್ಟು ಹೇಳಿ. ಮಾಡಿ ನೋಡಿದ ಪರೀಕ್ಷೆಯನ್ನೂ ಹೇಳಿ. ಬಿದ್ದಿತ್ತು, ನೀರು ತಾಗಿತ್ತು ಎಂದಾದರೆ ಸಂಕೋಚ ಬಿಟ್ಟು ಹೇಳಿ, ಬಿಚ್ಚಿದಾಗ ಹೇಗೂ ಗೊತ್ತಾಗುತ್ತದೆ.

ಆಟಿಯ ರಾತ್ರಿ ಫೋನ್ ಮಾಡಿದ ಅದೇ ಸಿಸ್ಟರ್ ಕಳೆದ ತಿಂಗಳು ಮತ್ತೆ ಕರೆದರು. "ಬೆರಳಿಟ್ಟು ನೋಡಿದೆ, ಮುಳ್ಳು ಏರುತ್ತದೆ. ತೇಲುಬುರುಡೆ ಬಿಡಿಯಾಗಿ ಉಂಟು. ಮುಚ್ಚಳದ ರಿಂಗ್ ಸಡಿಲ. ಬರುವಾಗ ಎರಡು ತನ್ನಿ, ಒಂದು ಇಲ್ಲಿಯೇ ಇರಲಿ." ನಾನು ಟೂಲ್ ಪೆಟ್ಟಿಗೆಯನ್ನು ಮನೆಯಲ್ಲೇ ಬಿಟ್ಟು, ಎರಡು ರಿಂಗ್‌ಗಳನ್ನು ಅಂಗಿಯ ಕಿಸೆಯಲ್ಲಿ ಹಾಕಿಕೊಂಡು ಬಸ್ ಹತ್ತಿದೆ.